ಇರೋ ಮೀನನ್ನ ನೋಡ್ಕೊಂಡು ಹೊಸ ಮೀನು ತನ್ನಿ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಉಪ್ಪುನೀರಿನ ಟ್ಯಾಂಕ್‌ದೇ ಜಾಸ್ತಿ. ಸಮುದ್ರ ಎಲ್ಲೋ, ತುಮಕೂರು ಕೋಲಾರ ಎಲ್ಲೋ, ಆದ್ರೂ ನಮ್ಮ ಬಯಲುಸೀಮೆ ಕಡೆ ಇಷ್ಟೊಂದು ಜನ ರೀಫ್ ಟ್ಯಾಂಕ್ (ಕೋರಲ್ ಅಂದ್ರೆ ಹವಳ ಬೆಳೆಸೋ ಟ್ಯಾಂಕ್) ಇಟ್ಟಿದ್ದಾರಲ್ಲ ಅಂತ ಖುಷಿ ಆಯ್ತು. ಗಪ್ಪಿ, ಗೋಲ್ಡ್‌ಫಿಶ್ ಪ್ರಶ್ನೆ ಕಳಿಸಿರೋರು ಬೇಜಾರಾಗ್ಬೇಡಿ, ಮುಂದಿನ ಸಂಚಿಕೆಗೆ ಇಟ್ಟಿದೀನಿ.

ಪ್ರಶ್ನೆ: ನಮಸ್ಕಾರ ಸಾರ್. ನಮ್ಮನೇಲಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ರೀಫ್ ಟ್ಯಾಂಕ್ ಇದೆ. ಸಾಫ್ಟ್ ಕೋರಲ್ ಜಾಸ್ತಿ, ಎರಡು ಹ್ಯಾಮರ್ ಕೋರಲ್ ಇದೆ. ಏಪ್ರಿಲ್‌ನಲ್ಲಿ ನಾವು ಊರಿಗೆ ಹೋಗಿದ್ದಾಗ ರಾತ್ರಿಯೆಲ್ಲಾ ಕರೆಂಟ್ ಇರ್ಲಿಲ್ಲ, ಯುಪಿಎಸ್ಸೂ ಕೈಕೊಡ್ತು, ಬಂದು ನೋಡಿದ್ರೆ ಟ್ಯಾಂಗ್, ಬಟರ್‌ಫ್ಲೈ, ಏಂಜೆಲ್ ಎಲ್ಲಾ ಹೋಗಿದ್ವು. ಉಳಿದಿರೋದು ಒಂದು ಕ್ಲೌನ್ ಮೀನು, ಒಂದು ಡಾಮಿನೋ ಡ್ಯಾಮ್ಸೆಲ್ ಮೀನು, ಎರಡು ಕ್ಲೀನರ್ ಶ್ರಿಂಪ್ ಅಷ್ಟೇ. ಕೋರಲ್ ಮಾತ್ರ ಚೆನ್ನಾಗಿವೆ. ಈಗ ಮತ್ತೆ ಮೀನು ತುಂಬ್ಸಬೇಕು ಅಂತಿದೀನಿ. ಲಿಸ್ಟ್ ಹೀಗಿದೆ: ಬ್ಲೂ ಟ್ಯಾಂಗ್, ಇನ್ನೊಂದು ಕ್ಲೌನ್, ಸಿಕ್ಸ್‌ಲೈನ್ ರ್‍ಯಾಸ್, ಎರಡು ಫೈರ್‌ಫಿಶ್, ರಾಯಲ್ ಗ್ರಾಮಾ, ಕೋರಲ್ ಬ್ಯೂಟಿ, ಆಮೇಲೆ ಮಗನ ಹಠಕ್ಕೆ ಒಂದು ಚಿಕ್ಕ ಲಯನ್‌ಫಿಶ್. ಅಂಗಡಿಯವರು ಎಲ್ಲಾ ಒಟ್ಟಿಗೆ ತಗೊಂಡ್ರೆ ಡಿಸ್ಕೌಂಟ್ ಕೊಡ್ತೀವಿ, ಎಲ್ಲಾ ಹೊಂದ್ಕೊಳ್ತವೆ ಅಂತಾರೆ. ತರ್ಲಾ?
— ಓದುಗರು, ಬಟವಾಡಿ, ತುಮಕೂರು

ಉತ್ತರ: ಡಿಸ್ಕೌಂಟ್ ಬಿಟ್ಬಿಡಿ ಸಾರ್. ಈ ಲಿಸ್ಟನ್ನ ಒಟ್ಟಿಗೆ ತಂದು ಬಿಟ್ರೆ ಒಂದೆರಡು ತಿಂಗಳಲ್ಲಿ ಮತ್ತೆ ನನಗೆ ಬರೀತೀರ.

ಮೊದಲು ಯಾವುದು ಸತ್ತಿದೆ ಯಾವುದು ಉಳಿದಿದೆ ನೋಡಿ, ಅದ್ರಲ್ಲೇ ಕಾರಣ ಇದೆ. ಬಿಸಿ ನೀರಲ್ಲಿ ಆಕ್ಸಿಜನ್ ಕಡಿಮೆ ಕರಗುತ್ತೆ, ಉಪ್ಪು ಇದ್ರೆ ಇನ್ನೂ ಕಡಿಮೆ, ಅದ್ರ ಮೇಲೆ ಪಂಪ್ ನಿಂತೋಯ್ತು ಅಂದ್ರೆ ಮೈ ದೊಡ್ಡದಿದ್ದು ಸದಾ ಈಜಾಡ್ತಾ ಇರೋ ಮೀನುಗಳು ಮೊದ್ಲು ಹೋಗ್ತವೆ, ಚಿಕ್ಕವು ಉಳ್ಕೊಳ್ತವೆ. ಹಾಗಾಗಿ ಮೀನಿಗೆ ದುಡ್ಡು ಹಾಕೋಕ್ಮುಂಚೆ ಬ್ಯಾಟರಿ ಮೇಲೆ ಓಡೋ ಏರ್ ಪಂಪ್ ಒಂದು ತಗೊಳ್ಳಿ, ಕರೆಂಟ್ ಹೋದ ತಕ್ಷಣ ತಾನಾಗೇ ಆನ್ ಆಗೋ ಥರದ್ದು. ಬೇಸಿಗೇಲಿ ನಮ್ಮೂರ ಬಿಸಿಲಿಗೆ ಇದಿಲ್ದೇ ಮರೈನ್ ಟ್ಯಾಂಕ್ ಇಡೋದು ಜೂಜು.

ಎರಡನೇದು, ಅಷ್ಟು ಮೀನು ಒಟ್ಟಿಗೆ ಸತ್ತಿವೆ ಅಂದ್ರೆ ಕಲ್ಲಿನ ಸಂದೀಲಿ ಇನ್ನೂ ಒಂದೆರಡು ಹೆಣ ಸಿಕ್ಕಿಹಾಕ್ಕೊಂಡಿರಬಹುದು, ಅವು ಕೊಳೆತ್ರೆ ನೀರು ಕೆಡುತ್ತೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರ್ಬೇಕು, ನೈಟ್ರೇಟ್ 10-20 ಪಿಪಿಎಂ ಒಳಗಿರ್ಬೇಕು, ಉಪ್ಪಿನಂಶ ರಿಫ್ರಾಕ್ಟೋಮೀಟರ್‌ನಲ್ಲಿ 1.025ರ ಹತ್ರ ನಿಲ್ಲಬೇಕು. ಕೋರಲ್ ಚೆನ್ನಾಗಿವೆ ಅಂದಿದೀರಲ್ಲ, ಒಳ್ಳೇ ಲಕ್ಷಣ. ಆದ್ರೂ ಟೆಸ್ಟ್ ಕಿಟ್ ತೆಗೀರಿ, ಕಣ್ಣಂದಾಜು ಬೇಡ.

ಈಗ ಮೀನಿನ ವಿಷ್ಯ. ಎಲ್ರೂ ಕೇಳೋದು ಯಾವ ಮೀನು ಸಾಧು ಯಾವ್ದು ಜೋರು ಅಂತ. ಅದು ಅರ್ಧ ಉತ್ತರ ಅಷ್ಟೇ ಕೊಡುತ್ತೆ. ಟ್ಯಾಂಕಲ್ಲಿ ಮೊದಲಿಂದ ಯಾರಿದ್ದಾರೆ, ಹೊಸಬ ಅವನ ಥರಾನೇ ಕಾಣ್ತಾನಾ, ಅವನು ತಿನ್ನೋದನ್ನೇ ತಿಂತಾನಾ, ಅವನು ಮಲಗೋ ಸಂದೀನೇ ಕೇಳ್ತಾನಾ, ಜಗಳ ಹುಟ್ಟೋದು ಇಲ್ಲಿ. ನಿಮ್ಮ ಟ್ಯಾಂಕಲ್ಲಿ ಇರೋದು ಡಾಮಿನೋ. ಚಿಕ್ಕದ್ರಲ್ಲಿ ಕರಿ ಮೈಮೇಲೆ ಮೂರು ಬಿಳಿ ಚುಕ್ಕೆ ಇಟ್ಕೊಂಡು ಎಷ್ಟು ಮುದ್ದಾಗಿರತ್ತೆ, ಬೆಳೆದ್ಮೇಲೆ ಬಣ್ಣ ಮಂಕಾಗಿ 14 ಸೆಂಟಿಮೀಟರ್‌ವರೆಗೂ ಹೋಗುತ್ತೆ, ಬುದ್ಧಿ ಮಾತ್ರ ಜೋರಾಗ್ತಾನೇ ಹೋಗುತ್ತೆ. ಈಗ ಉಳಿದೋರೆಲ್ಲ ಹೋಗಿ ನಾಲ್ಕಡಿ ಟ್ಯಾಂಕ್ ಪೂರ್ತಿ ಅದಕ್ಕೇ ಸಿಕ್ಕಿದೆ, ಬಾಡಿಗೆಗೆ ಬಂದೋನು ಓನರ್ ಊರಲ್ಲಿಲ್ಲ ಅಂತ ಮನೇನೇ ತನ್ನದು ಅಂದ್ಕೊಂಡಂಗೆ. ನೀವು ಫೈರ್‌ಫಿಶ್ ತಂದು ಬಿಟ್ರೆ ಬೆಳಗಾಗೋದ್ರೊಳಗೆ ಅದು ಮೂಲೇಲಿ ಮೇಲುಗಡೆ ರೆಕ್ಕೆ ಹರ್ಕೊಂಡು ನಿಂತಿರತ್ತೆ ಇಲ್ಲಾ ನೆಲದ ಮೇಲೆ ಒಣಗಿರತ್ತೆ.

ಹಾಗಾಗಿ ನನ್ನ ಮೊದಲ್ನೇ ಸಲಹೆ ತರೋದಲ್ಲ, ತೆಗೆಯೋದು. ಡಾಮಿನೋನ ಹಿಡಿದು ಅಂಗಡಿಗೆ ವಾಪಸ್ ಕೊಡಿ, ದುಡ್ಡು ಸಿಗದಿದ್ರೂ ಪರ್ವಾಗಿಲ್ಲ. ಬಲೆ ಹಿಡ್ಕೊಂಡು ಓಡಿಸ್ಕೊಂಡು ಹೋದ್ರೆ ಆಗಲ್ಲ, ಕಲ್ಲೆಲ್ಲಾ ಬೀಳಿಸ್ತೀರಿ ಕೋರಲ್ ಮುರೀತೀರಿ. ಎರಡು ಲೀಟರ್ ಬಾಟಲಿ ತಗೊಂಡು ಕತ್ತಿನ ಭಾಗ ಕತ್ತರಿಸಿ ಉಲ್ಟಾ ಮಾಡಿ ಅದೇ ಬಾಟಲಿಗೆ ತುರುಕಿ, ಒಳಗೆ ಮೈಸಿಸ್ (ಮೀನಿಗೆ ಹಾಕೋ ಸಣ್ಣ ಸೀಗಡಿ ಥರದ ಫುಡ್) ಹಾಕಿ ಮರಳ ಮೇಲೆ ಮಲಗಿಸಿ, ಒಂದು ದಿನ ಊಟ ನಿಲ್ಸಿ. ಡ್ಯಾಮ್ಸೆಲ್‌ಗೆ ಹೊಟ್ಟೆಬಾಕತನ ಜಾಸ್ತಿ, ಕ್ಲೌನ್‌ಗಿಂತ ಮುಂಚೆ ಅದೇ ನುಗ್ಗುತ್ತೆ.

ಆಮೇಲೆ ಕಲ್ಲುಗಳ ಜಾಗ ಸ್ವಲ್ಪ ಬದಲಾಯಿಸಿ. ಕೋರಲ್ ಅಂಟಿರೋ ಕಲ್ಲು ಮುಟ್ಟಬೇಡಿ, ಬಿಡಿ ಕಲ್ಲು ಮಾತ್ರ. ಹಳೇ ಗಡಿ ಹೋಯ್ತು ಅಂದ್ರೆ ಇರೋ ಕ್ಲೌನ್‌ಗೂ ಎಲ್ಲಾ ಹೊಸದಾಗಿ ಶುರುವಾಗತ್ತೆ, ಹೊಸಬರಿಗೆ ಒಂಚೂರು ಅವಕಾಶ.

ಕ್ಲೌನ್ ಬಗ್ಗೆ ಕೇಳಿ, ಇದು ಸ್ವಾರಸ್ಯವಾಗಿದೆ. ಕ್ಲೌನ್ ಎಲ್ಲಾ ಹುಟ್ಟೋದು ಗಂಡಾಗಿ, ಗುಂಪಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತೆ, ಆ ಹೆಣ್ಣು ಸತ್ರೆ ಅದರ ಕೆಳಗಿನ ಗಂಡು ಹೆಣ್ಣಾಗುತ್ತೆ, ಒಂದ್ಸಲ ಹೆಣ್ಣಾದ್ರೆ ಮತ್ತೆ ಗಂಡಾಗಲ್ಲ. ನಿಮ್ಮದು ಇಷ್ಟು ದಿನ ಒಂಟಿಯಾಗಿದ್ರೆ ಅದು ಹೆಣ್ಣೇ ಅಂದ್ಕೊಂಡು ಮುಂದುವರೀರಿ. ಅದೇ ಸೈಜಿಂದು ತಂದ್ರೆ ಎರಡು ಹೆಣ್ಣಾಗಿ ಒಂದು ಇನ್ನೊಂದನ್ನ ಮುಗಿಸುತ್ತೆ, ಅದಕ್ಕೆ ಅಂಗಡೀಲಿ ಇರೋದ್ರಲ್ಲಿ ಅತಿ ಚಿಕ್ಕ ಮರಿ ಆರಿಸ್ಕೊಳ್ಳಿ, ಅರ್ಧಕ್ಕಿಂತ ಚಿಕ್ಕದಿದ್ರೆ ಇನ್ನೂ ಒಳ್ಳೇದು. ಜಾತಿ ಒಂದೇ ಇರ್ಲಿ, ನಿಮ್ಮದು ಆಸೆಲ್ಲಾರಿಸ್ ಆಗಿದ್ರೆ ಆಸೆಲ್ಲಾರಿಸ್ಸೇ ತನ್ನಿ, ಪಕ್ಕದ ತೊಟ್ಟೀಲಿ ಮರೂನ್ ಕ್ಲೌನ್ ಚೆನ್ನಾಗಿ ಕಾಣುತ್ತೆ ಅಂತ ಆಸೆ ಬೀಳಬೇಡಿ, ಕ್ಲೌನ್‌ಗಳಲ್ಲೇ ಅದು ಮಹಾ ಜಗಳಗಂಟಿ. ಮರಿ ಬಿಟ್ಟಾಗ ದೊಡ್ಡದು ಸ್ವಲ್ಪ ಅಟ್ಟಾಡಿಸುತ್ತೆ, ಮರಿ ಪಕ್ಕಕ್ಕೆ ವಾಲಿ ಮೈ ನಡುಗಿಸುತ್ತೆ, ನೋಡಿದೋರು ಫಿಟ್ಸ್ ಬಂತು ಅಂತ ಗಾಬರಿ ಆಗ್ತಾರೆ. ಹಂಗಲ್ಲ, ನೀನೇ ದೊಡ್ಡವಳಮ್ಮ ಅಂತ ಒಪ್ಕೊಂಡಿರೋದು. ಆ ನಡುಕ ಕಂಡ್ರೆ ಜೋಡಿ ಆಗುತ್ತೆ ಅಂತ ಲೆಕ್ಕ. ಆದಷ್ಟು ಸಾಕಣೆಯಲ್ಲಿ ಹುಟ್ಟಿದ ಮರೀನೇ ಕೇಳಿ. ನಮ್ಮ ದೇಶದಲ್ಲೇ ಸಿಎಂಎಫ್‌ಆರ್‌ಐ (ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ)ನೋರು ಕ್ಲೌನ್ ಮರಿ ಮಾಡಿಸೋ ವಿಧಾನ ಕಂಡ್ಕೊಂಡು ಎಷ್ಟೋ ಕಾಲ ಆಯ್ತು. ಸಮುದ್ರದಿಂದ ಹಿಡಿದು ತಂದಿದ್ದಕ್ಕಿಂತ ಇವು ಗಟ್ಟಿ, ಒಣ ಫುಡ್ಡೂ ತಿಂತವೆ.

ರಾಯಲ್ ಗ್ರಾಮಾ ಒಳ್ಳೇ ಆಯ್ಕೆ, ಆದ್ರೆ ಒಂದೇ ಇರ್ಲಿ. ಬರೋದು ಕೆರಿಬಿಯನ್ ಕಡೆಯಿಂದ, ಅದಕ್ಕೇ ರೇಟ್ ಜಾಸ್ತಿ, ಅದಕ್ಕೇ ಇಲ್ಲೊಂದು ಹುಷಾರು ಬೇಕು: ರಾಯಲ್ ಡಾಟಿಬ್ಯಾಕ್ ಅಂತ ಇನ್ನೊಂದಿದೆ, ಅದೂ ಮುಂದುಗಡೆ ನೇರಳೆ ಹಿಂದುಗಡೆ ಹಳದಿ, ಗೊತ್ತಿಲ್ದೋರು ಅದನ್ನೇ ಗ್ರಾಮಾ ಅಂತ ಮಾರ್ತಾರೆ. ಗ್ರಾಮಾದಲ್ಲಿ ನೇರಳೆ ನಿಧಾನಕ್ಕೆ ಚುಕ್ಕೆ ಚುಕ್ಕೆಯಾಗಿ ಹಳದಿಗೆ ಸೇರ್ಕೊಳ್ಳುತ್ತೆ, ಬೆನ್ನಿನ ರೆಕ್ಕೆ ಮುಂದೆ ಒಂದು ಕರಿ ಚುಕ್ಕೆ ಇರುತ್ತೆ. ಡಾಟಿಬ್ಯಾಕ್‌ನಲ್ಲಿ ಗೆರೆ ಎಳೆದಂಗೆ ಅರ್ಧ ನೇರಳೆ ಅರ್ಧ ಹಳದಿ. ಎರಡನೇದು ಮನೆಗೆ ಬಂದ್ರೆ ಡಾಮಿನೋ ಕಳಿಸಿದ್ದೂ ದಂಡ.

ಫೈರ್‌ಫಿಶ್ ಎರಡು ಅಂತ ಬರೆದಿದೀರ. ಅಂಗಡೀಲಿ ಒಂದೇ ಬಿಲದಲ್ಲಿ ಒಟ್ಟಿಗೆ ಇರೋ ಜೋಡಿ ಸಿಕ್ರೆ ಎರಡು, ಇಲ್ದಿದ್ರೆ ಒಂದೇ. ಸುಮ್ನೆ ಎರಡು ಹಿಡ್ಕೊಂಡು ಬಂದ್ರೆ ಒಂದು ಇನ್ನೊಂದನ್ನ ಓಡಿಸಿ ಓಡಿಸಿ ಟ್ಯಾಂಕಿಂದ ಆಚೆ ಹಾರಿಸುತ್ತೆ. ಮೇಲೆ ಮೆಶ್ ಮುಚ್ಚಳ ಕಡ್ಡಾಯ, ಗಾಜಿನ ಮುಚ್ಚಳ ಬೇಡ, ಬಿಸಿ ಕೂರುತ್ತೆ ಗಾಳಿ ಆಡಲ್ಲ. ಸೊಳ್ಳೆ ಪರದೆ ಬಟ್ಟೆ ಅಲ್ಯೂಮಿನಿಯಂ ಫ್ರೇಮಿಗೆ ಹಾಕ್ಸಿದ್ರೂ ಸಾಕು, ಕಿಟಕಿಗೆ ಮೆಶ್ ಹಾಕೋರೇ ಮಾಡ್ಕೊಡ್ತಾರೆ.

ಸಿಕ್ಸ್‌ಲೈನ್ ಬೇಡ. ಮೊದಲ ತಿಂಗಳು ಚಿನ್ನದಂಥ ಮೀನು ಅಂತೀರ, ಆಮೇಲೆ ಹೊಸದಾಗಿ ಬರೋ ಪ್ರತಿಯೊಂದಕ್ಕೂ ಬೆನ್ನು ಬೀಳುತ್ತೆ. ಅದು ಬೇಕೇ ಬೇಕು ಅಂದ್ರೆ ಎಲ್ಲರ ಕೊನೆಗೆ ಹಾಕ್ಬೇಕು, ಮತ್ತೆ ಅಲ್ಲಿಗೆ ಮೀನು ತರೋದು ನಿಲ್ಲಿಸ್ಬೇಕು. ಬದಲಿಗೆ ಯೆಲ್ಲೋ ಕೋರಿಸ್ ರ್‍ಯಾಸ್ ನೋಡಿ, ಅಚ್ಚ ಹಳದಿ, ಸಾಧು, ಕೋರಲ್ ಮೇಲಿನ ಸಣ್ಣಪುಟ್ಟ ಹುಳ ಹುಪ್ಪಟೆ ಹೆಕ್ಕುತ್ತೆ. ರಾತ್ರಿ ಮರಳೊಳಗೆ ಹೂತ್ಕೊಂಡು ಮಲಗುತ್ತೆ, ಎರಡಿಂಚು ಮರಳಿರ್ಲಿ, ತಂದ ಮೊದಲೆರಡು ದಿನ ಕಾಣದಿದ್ರೆ ಸತ್ತೋಯ್ತು ಅಂತ ಕೆದಕಬೇಡಿ.

ಕೋರಲ್ ಬ್ಯೂಟಿ ಲಾಟರಿ. ಕೆಲವು ಕೋರಲ್ ಕಡೆ ತಲೇನೂ ಹಾಕಲ್ಲ, ಕೆಲವು ದಿನಾ ಹೋಗಿ ಕಚ್ಚಿ ಕಚ್ಚಿ ಅವು ಅರಳದಂಗೆ ಮಾಡ್ತವೆ. ಯಾವುದು ಯಾವ ಥರ ಅಂತ ಅಂಗಡೀಲಿ ಗೊತ್ತಾಗಲ್ಲ, ಬಿಟ್ಮೇಲೆ ಹಿಡಿಯೋಕೂ ಆಗಲ್ಲ. ಸಾಫ್ಟ್ ಕೋರಲ್, ಹ್ಯಾಮರ್ ಇಷ್ಟು ಚೆನ್ನಾಗಿ ಉಳಿಸ್ಕೊಂಡಿದೀರ, ನಾನಾಗಿದ್ರೆ ಹಾಕಲ್ಲ.

ಬ್ಲೂ ಟ್ಯಾಂಗ್ ಕೇಳದ ಮನೆ ಇಲ್ಲ. ಅಂಗಡೀಲಿ ಎರಡಿಂಚು ಇರೋದು ಬೆಳೆದ್ರೆ 30 ಸೆಂಟಿಮೀಟರ್, ಅಂದ್ರೆ ಒಂದಡಿ. ನಿಮ್ಮ ಟ್ಯಾಂಕ್ ಅಗಲಾನೇ ಒಂದೂವರೆ ಅಡಿ, ತಿರುಗೋಕೇ ಜಾಗ ಸಾಲಲ್ಲ, ಲೆಕ್ಕಕ್ಕೆ 250 ಲೀಟರ್ ಅಂದ್ರೂ ಕಲ್ಲು ಮರಳು ಕಳೆದು ನೀರಿರೋದು 200 ಚಿಲ್ಲರೆ. ಆರಡಿ ಟ್ಯಾಂಕ್ ಕಟ್ಸಿದ್ಮೇಲೆ ತನ್ನಿ. ದೊಡ್ಡದು ಆದ್ಮೇಲೆ ವಾಪಸ್ ಕೊಡ್ತೀನಿ ಅನ್ನೋರು ಯಾರೂ ಕೊಟ್ಟಿದ್ದು ನಾನು ನೋಡಿಲ್ಲ. ಪಾಚಿ ತಿನ್ನೋಕೆ ಯಾರಾದ್ರೂ ಬೇಕು ಅಂದ್ರೆ ಲಾನ್‌ಮೋವರ್ ಬ್ಲೆನಿ, ಟ್ಯಾಂಗೇ ಬೇಕು ಅಂದ್ರೆ ಟಾಮಿನಿ ಟ್ಯಾಂಗ್, 15 ಸೆಂಟಿಮೀಟರ್ ಹತ್ರ ನಿಂತ್ಬಿಡುತ್ತೆ. ಎರಡರಲ್ಲಿ ಒಂದು ಮಾತ್ರ, ಇಬ್ರೂ ಅದೇ ಕಲ್ಲಿನ ಪಾಚೀನೇ ಕೆರೆದು ತಿನ್ನೋರು.

ಲಯನ್‌ಫಿಶ್‌ಗೆ ಕೋರಲ್ ಜೊತೆ ತಕರಾರಿಲ್ಲ, ತಕರಾರಿರೋದು ಅದರ ಬಾಯಲ್ಲಿ. ಬಾಯಿಗೆ ಹಿಡಿಸೋದೆಲ್ಲ ಊಟ: ಮೊದ್ಲು ಶ್ರಿಂಪ್, ಆಮೇಲೆ ಫೈರ್‌ಫಿಶ್, ಆಮೇಲೆ ಕ್ಲೌನ್ ಮರಿ. ಜೊತೆಗೆ ಮುಳ್ಳಲ್ಲಿ ವಿಷ ಇದೆ, ಮಕ್ಕಳು ಕೈ ಹಾಕೋ ಮನೇಲಿ ನಾನು ಹೂಂ ಅನ್ನಲ್ಲ. ಮಗನಿಗೆ ಬದಲಿಗೆ ಇದನ್ನ ತೋರಿಸಿ: ಯೆಲ್ಲೋ ವಾಚ್‌ಮ್ಯಾನ್ ಗೋಬಿ ಮತ್ತೆ ಪಿಸ್ಟಲ್ ಶ್ರಿಂಪ್ ಜೋಡಿ. ಶ್ರಿಂಪ್‌ಗೆ ಕಣ್ಣು ಮಂದ, ಅದು ದಿನವಿಡೀ ಬಿಲ ತೋಡಿ ಮರಳು ಆಚೆ ತಳ್ಳುತ್ತೆ, ಗೋಬಿ ಬಾಗಿಲಲ್ಲಿ ಕೂತು ಕಾವಲು ಕಾಯುತ್ತೆ, ಶ್ರಿಂಪ್ ಒಂದು ಮೀಸೆ ಗೋಬಿ ಮೈಗೆ ತಾಗಿಸ್ಕೊಂಡೇ ಇರುತ್ತೆ, ಯಾರಾದ್ರೂ ಬಂದ್ರೆ ಗೋಬಿ ಬಾಲ ಅಲ್ಲಾಡಿಸಿದ ಕೂಡ್ಲೇ ಇಬ್ರೂ ಒಳಗೆ. ಲಯನ್‌ಫಿಶ್ ಹಗಲೆಲ್ಲಾ ಕಲ್ಲಿಗೆ ಒರಗಿ ನಿಂತಿರೋದನ್ನ ನೋಡೋದಕ್ಕಿಂತ ಇದು ಎಷ್ಟೋ ಪಾಲು ಚೆಂದ. ಕಲ್ಲು ಮಾತ್ರ ಮರಳ ಮೇಲಲ್ಲ, ತಳದ ಗಾಜಿನ ಮೇಲೇ ಕೂತಿರ್ಲಿ, ಬಿಲ ತೋಡಿ ಕುಸಿದ್ರೆ ಕಷ್ಟ.

ಬಿಡೋ ಕ್ರಮ: ಮೊದ್ಲು ಫೈರ್‌ಫಿಶ್ ಮತ್ತೆ ಗೋಬಿ. ಮೂರ್ನಾಲ್ಕು ವಾರ ಬಿಟ್ಟು ಗ್ರಾಮಾ ಮತ್ತೆ ಕ್ಲೌನ್ ಮರಿ. ಆಮೇಲೆ ಕೋರಿಸ್. ಟ್ಯಾಂಗ್ ತರೋದಿದ್ರೆ ಅದು ಕಟ್ಟಕಡೆಗೆ. ಹೆದರುಪುಕ್ಕಲರು ಮೊದಲು, ಜೋರಿರೋರು ಕೊನೆಗೆ, ಒಂದ್ಸಲಕ್ಕೆ ಎರಡಕ್ಕಿಂತ ಜಾಸ್ತಿ ಬೇಡ, ಯಾಕಂದ್ರೆ ಕಲ್ಲಲ್ಲಿರೋ ಬ್ಯಾಕ್ಟೀರಿಯಾನೂ ಹೊಸ ಹೊಟ್ಟೆಗಳಿಗೆ ತಕ್ಕಂಗೆ ಬೆಳೀಬೇಕು. ಬಿಡೋ ದಿನ ಲೈಟ್ ಆರಿಸಿ, ಹಳಬರಿಗೆ ಹೊಟ್ಟೆ ತುಂಬಾ ಊಟ ಹಾಕಿ ಆಮೇಲೆ ಬಿಡಿ.

ಪ್ರಶ್ನೆ: ಹೊಸ ಮೀನು ತಂದು ವಾರದೊಳಗೆ ಮೈಯೆಲ್ಲಾ ಬಿಳಿ ಚುಕ್ಕೆ, ಹಳೇವಕ್ಕೂ ಬಂತು. ಕಾಪರ್ ಔಷಧಿ ಟ್ಯಾಂಕಿಗೇ ಹಾಕ್ಬಹುದಾ? ಕೋರಲ್, ಬಸವನಹುಳು ಇವೆ.
— ಓದುಗರು, ಗೌರಿಬಿದನೂರು

ಉತ್ತರ: ಹಾಕ್ಬೇಡಿ! ಕಾಪರ್ ಬಿದ್ರೆ ಕೋರಲ್, ಬಸವನಹುಳು, ಶ್ರಿಂಪ್ ಎಲ್ಲಾ ಹೋಗುತ್ತೆ, ಕಲ್ಲು ಮರಳೂ ಅದನ್ನ ಹೀರ್ಕೊಂಡು ಮತ್ತೆ ಬಿಡುತ್ತೆ. ಇದು ಮರೈನ್ ಇಕ್, ಮೀನಿನ ಮೈಮೇಲೆ ಸ್ವಲ್ಪ ದಿನ ಇದ್ದು ಉದುರಿ, ಕಲ್ಲು ಮರಳಿಗೆ ಅಂಟಿ ಒಡೆದು, ಮತ್ತೆ ಮೀನು ಹುಡುಕ್ಕೊಂಡು ಬರೋ ಪರೋಪಜೀವಿ. ಕಾಪರ್ ಕೊಲ್ಲೋದು ನೀರಲ್ಲಿ ಈಜಾಡೋ ಹಂತದಲ್ಲಿ ಮಾತ್ರ. ಚುಕ್ಕೆ ಹೋಯ್ತು ಅಂದ್ರೆ ವಾಸಿ ಆಯ್ತು ಅಂತಲ್ಲ, ಎಷ್ಟೋ ಜನ ಮೋಸ ಹೋಗೋದು ಇಲ್ಲೇ.

ಮೀನನ್ನೆಲ್ಲ ತೆಗೆದು ಬೇರೆ ತೊಟ್ಟೀಲಿ ಟ್ರೀಟ್ಮೆಂಟ್ ಕೊಡಿ, ಮೇನ್ ಟ್ಯಾಂಕನ್ನ ಮೀನಿಲ್ದೇ ಖಾಲಿ ಬಿಡಿ. ರೀಫ್ ಇಟ್ಟಿರೋರು ಸಾಮಾನ್ಯವಾಗಿ ಪಾಲಿಸೋ ಲೆಕ್ಕ 76 ದಿನ. ಕೇಳಿದ್ರೆ ಎದೆ ಒಡೆಯುತ್ತೆ, ಗೊತ್ತು. ಇನ್ಮೇಲಾದ್ರೂ ಒಂದು ದೊಡ್ಡ ಪ್ಲಾಸ್ಟಿಕ್ ಟಬ್, ಸ್ಪಾಂಜ್ ಫಿಲ್ಟರ್, ಬಚ್ಚಿಟ್ಕೊಳ್ಳೋಕೆ ಪಿವಿಸಿ ಪೈಪ್ ತುಂಡು, ಇಷ್ಟಿಟ್ಕೊಂಡು ಪ್ರತಿ ಹೊಸ ಮೀನನ್ನ ನಾಲ್ಕು ವಾರ ಕ್ವಾರಂಟೈನ್ ಮಾಡಿ. ಅಲ್ಲೇ ಅದಕ್ಕೆ ಫ್ರೋಜನ್ ಫುಡ್ ಅಭ್ಯಾಸ ಮಾಡ್ಸಿ, ಹಸಿದು ಸೊರಗಿರೋ ಮೀನು ಮೇನ್ ಟ್ಯಾಂಕಿಗೆ ಹೋದ್ರೆ ಏಟು ತಿನ್ನೋದೇ ಅದು.

ಪ್ರಶ್ನೆ: ಮ್ಯಾಂಡರಿನ್ ಮೀನು ತಂದಿದ್ದೆ. ಯಾರ ಜೊತೆಗೂ ಜಗಳ ಇಲ್ಲ, ಆದ್ರೆ ದಿನಾ ಸಣ್ಣ ಆಗ್ತಾ ಆಗ್ತಾ ಸತ್ತೋಯ್ತು. ಜೊತೇಲಿ ಸಿಕ್ಸ್‌ಲೈನ್, ಕ್ಲೌನ್ ಇದ್ವು. ಎರಡಡಿ ಟ್ಯಾಂಕ್, ಐದು ತಿಂಗಳ ಹಳೇದು.
— ಓದುಗರು, ಶಿಡ್ಲಘಟ್ಟ

ಉತ್ತರ: ಹಸಿವಿಂದ ಹೋಗಿದೆ ಮೇಡಂ. ಮ್ಯಾಂಡರಿನ್ ಇಡೀ ದಿನ ಕಲ್ಲು ಮೇಲೆ ಕೋಪೆಪಾಡ್ ಅನ್ನೋ ಚೂರುಚೂರು ಜೀವಿಗಳನ್ನ ಒಂದೊಂದಾಗಿ ಹೆಕ್ಕಿ ತಿನ್ನುತ್ತೆ, ನೀವು ಹಾಕೋ ಪೆಲೆಟ್ ಕಡೆ ತಿರುಗೂ ನೋಡಲ್ಲ. ಐದು ತಿಂಗಳ ಎರಡಡಿ ಟ್ಯಾಂಕಲ್ಲಿ ಅಷ್ಟು ಹುಟ್ಟೋದೇ ಇಲ್ಲ, ಹುಟ್ಟಿದ್ದನ್ನ ಸಿಕ್ಸ್‌ಲೈನ್ ಮುಗಿಸಿರತ್ತೆ, ಅದಕ್ಕೂ ಅದೇ ಊಟ, ಮತ್ತೆ ಅದರ ಚುರುಕು ಎಲ್ಲಿ ಇದರ ನಿಧಾನ ಎಲ್ಲಿ. ನೋಡಿ, ಇವೆರಡೂ ಒಂದಿನಾನೂ ಕಚ್ಚಾಡಿಲ್ಲ ಆದ್ರೂ ಒಂದರಿಂದ ಇನ್ನೊಂದು ಸತ್ತಿದೆ. ಮತ್ತೆ ತರೋದಾದ್ರೆ ಟ್ಯಾಂಕ್ ದೊಡ್ಡದಿರ್ಲಿ, ವರ್ಷ ದಾಟಿರ್ಲಿ, ಸಂಪಲ್ಲಿ (ಮನೆ ನೀರಿನ ಸಂಪಲ್ಲ, ಟ್ಯಾಂಕ್ ಕೆಳಗಿನ ಫಿಲ್ಟರ್ ತೊಟ್ಟೀಲಿ) ಕೀಟೋ ಪಾಚಿ ಬೆಳೆಸಿ, ಅಲ್ಲಿ ಕೋಪೆಪಾಡ್ ಮರಿ ಮಾಡ್ತವೆ. ಅಂಗಡೀಲಿ ಮೇಲಿಂದ ನೋಡಿದಾಗ ತಲೆ ಹಿಂದೆ ಮೈ ಒಳಕ್ಕೆ ಹೋಗಿರೋದನ್ನ ಎಷ್ಟೇ ಕಡಿಮೆಗೆ ಕೊಟ್ರೂ ತರಬೇಡಿ.

ಪ್ರಶ್ನೆ: ಗುಂಪಾಗಿ ಚೆನ್ನಾಗಿರತ್ತೆ ಅಂತ ಹಸಿರು ಕ್ರೋಮಿಸ್ ಏಳು ತಂದೆ. ಈಗ ಎರಡು. ನೀರು ಸರಿ ಇದೆ.
— ಓದುಗರು, ಮಾಲೂರು

ಉತ್ತರ: ಇನ್ನು ಸ್ವಲ್ಪ ದಿನಕ್ಕೆ ಒಂದಾಗಬಹುದು. ಕ್ರೋಮಿಸ್ಸೂ ಡ್ಯಾಮ್ಸೆಲ್ ಕುಟುಂಬದ್ದೇ. ಸಮುದ್ರದಲ್ಲಿ ನೂರಾರು ಇದ್ದಾಗ ಏಟು ಎಲ್ಲರಿಗೂ ಹಂಚಿಹೋಗುತ್ತೆ, ಚಿಕ್ಕ ಟ್ಯಾಂಕಲ್ಲಿ ಕೆಳಗಿನ ಒಂದಕ್ಕೇ ಬೀಳುತ್ತೆ, ಅದು ಹೋದ್ಮೇಲೆ ಅದಕ್ಕಿಂತ ಮೇಲಿಂದು. ಮೈಮೇಲೆ ಕೆಂಪು ಗಾಯ ಕಂಡಿದ್ರೆ ಯುರೋನೀಮಾ ಅನ್ನೋ ರೋಗನೂ ಇರಬಹುದು, ಈ ಜಾತೀಲಿ ಅದು ಜಾಸ್ತಿ. ಗುಂಪು ಬೇಕು ಅಂತ ಮತ್ತೆ ಐದು ತಂದು ಸೇರಿಸ್ಬೇಡಿ. ಬಾಂಗೈ ಕಾರ್ಡಿನಲ್ ಜೋಡಿ ಸಿಕ್ರೆ ನೋಡಿ, ಜೋಡಿ ಅಷ್ಟೇ, ಅದೂ ಗುಂಪಾದ್ರೆ ಇದೇ ಕಥೆ. ಗಂಡು ಮೊಟ್ಟೆಗಳನ್ನ ಬಾಯಲ್ಲಿಟ್ಕೊಂಡು ವಾರಗಟ್ಟಲೆ ಊಟ ಬಿಟ್ಟು ಕಾಯೋದನ್ನ ಮನೇಲೇ ನೋಡಬಹುದು.

ಪ್ರಶ್ನೆ: ಬೋರ್‌ವೆಲ್ ನೀರಿಗೆ ಸಾಲ್ಟ್ ಮಿಕ್ಸ್ ಹಾಕಿದ್ರೆ ಆಗಲ್ವಾ? ಮನೇಲಿ ಕುಡಿಯೋ ಆರ್‌ಓ ಇದೆ, ಅದಾದ್ರೂ ಆಗುತ್ತಾ?
— ಓದುಗರು, ಕೋಲಾರ

ಉತ್ತರ: ಕೋಲಾರದ ಬೋರ್ ನೀರಲ್ಲಿ ಗಡಸು, ಫ್ಲೋರೈಡ್ ಇರೋದು ನಿಮಗೆ ನಾನು ಹೇಳ್ಬೇಕಾ. ಕುಡಿಯೋ ಆರ್‌ಓದಲ್ಲೂ ಸಾಮಾನ್ಯವಾಗಿ ಟಿಡಿಎಸ್ ಕಂಟ್ರೋಲರ್ ಅಂತ ಇರತ್ತೆ, ರುಚಿಗೆ ಅಂತ ಸ್ವಲ್ಪ ಹಸಿ ನೀರು ಮತ್ತೆ ಬೆರೆಸುತ್ತೆ. ಮೆಕ್ಯಾನಿಕ್ ಹತ್ರ ಅದನ್ನ ಪೂರ್ತಿ ಮುಚ್ಚಿಸಿ, ಮಿನರಲ್ ಕಾರ್ಟ್ರಿಜ್ ಇದ್ರೆ ಅದನ್ನೂ ತೆಗೆಸಿ, ಮುಂದೆ ಡಿಐ ರೆಸಿನ್ (ಉಳಿದ ಲವಣಾನೂ ಹೀರ್ಕೊಳ್ಳೋ ಫಿಲ್ಟರ್) ಒಂದು ಹಾಕಿಸಿ, ಟಿಡಿಎಸ್ ಮೀಟರ್‌ನಲ್ಲಿ ಸೊನ್ನೆ ಬರಬೇಕು. ಆ ನೀರಿಗೆ ಲೀಟರ್‌ಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಮರೈನ್ ಸಾಲ್ಟ್. ದಿನಾ ಆವಿಯಾಗಿ ಕಡಿಮೆ ಆಗೋ ನೀರಿನ ಬದಲು ಹಾಕೋದು ಸಪ್ಪೆ ನೀರು, ಉಪ್ಪು ಬೆರೆಸಿದ್ದಲ್ಲ, ಯಾಕಂದ್ರೆ ಆವಿ ಆಗೋದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತೆ.

ಪ್ರಶ್ನೆ: ಪರಿಚಯದೋರು ರಾಮೇಶ್ವರಂ ಕಡೆಯಿಂದ ಸಮುದ್ರಕುದುರೆ, ಜೀವಂತ ಹವಳ ಅಗ್ಗಕ್ಕೆ ತಂದ್ಕೊಡ್ತೀನಿ ಅಂತಾರೆ. ಕ್ಲೌನ್ ಜೊತೆ ಸಮುದ್ರಕುದುರೆ ಇರತ್ತಾ?
— ಓದುಗರು, ಚಿಂತಾಮಣಿ

ಉತ್ತರ: ಕ್ಲೌನ್ ವಿಷ್ಯ ಆಮೇಲೆ, ಮೊದ್ಲು ಕಾನೂನು ಕೇಳಿ. ನಮ್ಮ ಸಮುದ್ರದ ಕಲ್ಲುಹವಳ, ಸಮುದ್ರಕುದುರೆ 2001ರಲ್ಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಜೀವಿಗಳ ಪಟ್ಟಿಗೆ ಸೇರಿವೆ, ಹುಲಿಯನ್ನ ಕಾಯೋ ಕಾಯ್ದೇನೇ ಅದು. ತಂದೋರಿಗೂ ಇಟ್ಕೊಂಡೋರಿಗೂ ಕೇಸ್ ಆಗುತ್ತೆ, ಅಗ್ಗ ಅಂತ ಸಿಕ್ಕಿಹಾಕ್ಕೋಬೇಡಿ. ಕೋರಲ್ ಎಲ್ಲೇ ತಗೊಂಡ್ರೂ ಅದು ಎಲ್ಲಿಂದ ಬಂತು, ಯಾವ ಪರ್ಮಿಟ್ ಮೇಲೆ ಬಂತು ಅಂತ ಕೇಳಿ ಬಿಲ್ ಸಮೇತ ಇಟ್ಕೊಳ್ಳಿ, ಬಿಲ್ ಇಲ್ಲ ಅಂದ್ರೆ ವಾಪಸ್ ಬನ್ನಿ. ಇನ್ನು ನಿಮ್ಮ ಪ್ರಶ್ನೆಗೆ, ಇರಲ್ಲ. ಸಮುದ್ರಕುದುರೆ ಊಟದ ಹತ್ರ ಬಂದು ಯೋಚನೆ ಮಾಡೋದ್ರೊಳಗೆ ಕ್ಲೌನ್ ತಿಂದು ಮುಗಿಸಿರತ್ತೆ.